ದಿನಾಂಕ ಇನ್ನೂ ತಿಳಿಸಿಲ್ಲ

ಹೇಳಿದ ಕೆಲಸವನ್ನು ಯಾರಾದರೂ "ಮಾಡ್ಲೇನ್ರಿ?" ಎಂದು ತಿರುಗಿ ಕೇಳಿದರೆ ನನ್ನ ಮೈಯೆಲ್ಲ ಉರಿಯುತ್ತದೆ. ಮಾಡಲಿ ಅಂತಲೇ ಅಲ್ಲವೇ ಹೇಳಿದ್ದು? ಸಿಂದಗಿಯ ನನ್ನ ರೊಟ್ಟಿ ಕೇಂದ್ರಕ್ಕೆ ಹೊಸದಾಗಿ ಬರುವ ಹೆಣ್ಣುಮಕ್ಕಳು ಮೊದಲು ಕಲಿಯುವುದು ರೊಟ್ಟಿ ಬಡಿಯುವುದನ್ನಲ್ಲ, ಅಕ್ಕಾರನ್ನು, ಅಂದರೆ ನನ್ನನ್ನು, ಎರಡನೇ ಸಲ ಕೇಳಬಾರದು ಎಂಬುದನ್ನು. ಈ ಸಿಟ್ಟಿನ ಬಗ್ಗೆ ನನಗೆ ಒಳಗೊಳಗೆ ಹೆಮ್ಮೆಯೂ ಇತ್ತು. ಇಷ್ಟು ಮಂದಿಯನ್ನು ಹಿಡಿದು ಕೆಲಸ ತೆಗೆಯುವವಳಿಗೆ ಇಷ್ಟಾದರೂ ಖಾರ ಬೇಡವೇ ಎಂದುಕೊಳ್ಳುತ್ತಿದ್ದೆ. ಈಗ ಅದೇ ಮಾತು ನೆನಪಾದರೆ ಮುಖ ಎಲ್ಲಿಡಬೇಕೋ ತಿಳಿಯುವುದಿಲ್ಲ.

ನಮ್ಮದು ಖಡಕ್ ಜೋಳದ ರೊಟ್ಟಿ. ಇಂಡಿಯ ಮದುವೆಗೆ, ಮುದ್ದೇಬಿಹಾಳದ ಬಸುರಿಯ ಕುಬಸಕ್ಕೆ, ಬಸವನ ಬಾಗೇವಾಡಿಯ ಮನೆಶಾಂತಿಗೆ ಇಲ್ಲಿಂದಲೇ ಬುಟ್ಟಿಗಳು ಹೋಗುತ್ತವೆ. ಮೊದಲೆಲ್ಲ ಆರ್ಡರುಗಳು ನನ್ನ ತಲೆಯಲ್ಲೇ ಇರುತ್ತಿದ್ದವು. ವಯಸ್ಸಾದಂತೆ ತಲೆ ಸೋರತೊಡಗಿತು. ಒಮ್ಮೆ ಇಂಡಿಯವರ ಬುಟ್ಟಿ ತಾಳಿಕೋಟೆಗೆ ಹೋಗಿ, ತಾಳಿಕೋಟೆಯವರು ಉಂಡು ಮುಗಿಸಿದ ಮೇಲೆ ಫೋನ್ ಮಾಡಿ ರೊಟ್ಟಿ ಛಲೋ ಇದ್ದವು ಎಂದರು. ಅಂದೇ ನನ್ನ ಸೊಸೆ ಲೆಕ್ಕಾಚಾರವನ್ನೆಲ್ಲ ತನ್ನ ಕೈಗೆ ತೆಗೆದುಕೊಂಡಳು.

ಅವಳು ಫೋನಿನಲ್ಲಿ ಒಂದು ಆ್ಯಪ್ ಹಾಕಿದಳು. ಒಂದೊಂದು ಆರ್ಡರಿಗೆ ಒಂದೊಂದು ಪ್ರಾಜೆಕ್ಟ್. ಅದರೊಳಗೆ ಹಿಟ್ಟು ಬೀಸಿಸುವುದು ಯಾರು, ಬಡಿಯುವುದು ಯಾರು, ಚಟ್ನಿ ಯಾರದು, ಬುಟ್ಟಿ ಯಾವ ಗಾಡಿಗೆ ಎಂಬುದೆಲ್ಲ ಬೇರೆ ಬೇರೆ. ಆರ್ಡರ್ ಕೊಟ್ಟ ಮನೆಯವರ ನಂಬರನ್ನೂ ಸೇರಿಸಿಬಿಟ್ಟರೆ ಅವರು ತಮ್ಮ ಫೋನಿನಲ್ಲೇ ಎಲ್ಲವನ್ನೂ ನೋಡಬಹುದು, ಹತ್ತು ಸಲ ನಮಗೆ ಫೋನ್ ಮಾಡುವುದು ತಪ್ಪುತ್ತದೆ. ಕೆಲವು ತಿಂಗಳು ಇದನ್ನೆಲ್ಲ ಅವಳೇ ಕುಳಿತು ಒತ್ತುತ್ತಿದ್ದಳು. ಆಮೇಲೆ ಒಂದು ದಿನ, "ಅತ್ತಿ, ಇನ್ನ ಒತ್ತೂದು ಬ್ಯಾಡ. ಇದಕ್ಕೊಂದು ಎಐ ಏಜೆಂಟ್ ಜೋಡಿಸೇನಿ. ನೀವು ಬಾಯಿಲೆ ಹೇಳ್ರಿ, ಪ್ರಾಜೆಕ್ಟ್ ಅದ ತಯಾರ ಮಾಡ್ತೈತಿ" ಎಂದಳು.

ನಮ್ಮ ಕಡೆ ಏಜೆಂಟ್ ಎಂದರೆ ವಿಮೆ ಮಾಡಿಸಲು ಮನೆಗೆ ಬಂದು, ಚಹಾ ಕುಡಿದು, ಎದ್ದು ಹೋಗದೆ ಕೂಡುವವನು. "ಇದಕ್ಕ ಚಾ ಕೊಡಬೇಕೇನ?" ಎಂದು ಕೇಳಿದೆ. ಸೊಸೆ ನಕ್ಕಳು.

ನಿಜ ಹೇಳಬೇಕೆಂದರೆ ನನಗೆ ಅದು ಹಿಡಿಸಿತು. ಕೈಯೆಲ್ಲ ಹಿಟ್ಟಾಗಿರುವಾಗ ಮೊಣಕೈಯಿಂದ ಫೋನ್ ಒತ್ತಿ, "ಮುದ್ದೇಬಿಹಾಳದ ಕುಬಸ, ಸೋಮವಾರ, ಐದು ನೂರು ರೊಟ್ಟಿ, ಶೇಂಗಾ ಚಟ್ನಿ" ಎಂದರೆ ಸಾಕು, ಎಲ್ಲರ ಫೋನೂ ಟಿಣ್ ಎನ್ನುತ್ತಿತ್ತು. ಒಂದೇ ತೊಂದರೆ ಎಂದರೆ, ಪ್ರತಿ ಸಲವೂ ಕೊನೆಗೆ ಅದು "ಈ ಪ್ರಾಜೆಕ್ಟ್ ರಚಿಸಲೇ?" ಎಂದು ಕೇಳುತ್ತಿತ್ತು. ಒಂದು ವಾರ ತಡೆದುಕೊಂಡೆ. ಆಮೇಲೆ ಸೊಸೆಯನ್ನು ಕರೆದು, "ಕೇಳಬ್ಯಾಡನ್ನು ಅದಕ್ಕ. ಹೇಳಿದ್ದ ಮಾಡಂತ ಹೇಳು" ಎಂದೆ. "ಕೇಳೂದು ಛಲೋ ಅತ್ತಿ, ಏನರ ತಪ್ಪಾದ್ರ?" ಎಂದಳು. "ನಾ ತಪ್ಪ ಹೇಳ್ತೇನೇನು?" ಎಂದು ಗದರಿದೆ. ಅವಳು ಎಲ್ಲೋ ಒಂದು ಗುಂಡಿ ಒತ್ತಿ ಕೇಳುವುದನ್ನು ನಿಲ್ಲಿಸಿದಳು.

ಆ ಸುಮಾರಿಗೆ ಮಾವನಿಗೆ ಹುಷಾರು ತಪ್ಪಿತು. ಮಾವ ಎಂದರೆ ನನ್ನ ಅಕ್ಕನ ಗಂಡ. ಅವರ ಮನೆ ಮನಗೂಳಿಯಲ್ಲಿ. ಮೋರಟಗಿಯ ನಮ್ಮ ತವರಿನಲ್ಲಿ ಈಗ ಯಾರೂ ಉಳಿದಿಲ್ಲವಾದ್ದರಿಂದ ಅಕ್ಕನಿಗೆ ತವರು ಎಂದರೆ ನಾನು, ನನಗೆ ತವರು ಎಂದರೆ ಅಕ್ಕ. ಮಾವನನ್ನು ವಿಜಾಪುರದ ದವಾಖಾನೆಗೆ ಸೇರಿಸಿದ್ದರು. ನಾನು ಹೋಗಿ ನೋಡಿದಾಗ ಮೂಗಿನಲ್ಲಿ ನಳಿಕೆ ಇತ್ತು, ಕಣ್ಣು ಮುಚ್ಚಿದ್ದವು. ಡಾಕ್ಟರು ಏನನ್ನೂ ಬಿಡಿಸಿ ಹೇಳಲಿಲ್ಲ, ನೋಡೋಣ ಎಂದರು. ಅಕ್ಕ ನನ್ನ ಕೈ ಹಿಡಿದುಕೊಂಡು, "ಏನೂ ಆಗೂದಿಲ್ಲ ಅಲ್ಲೇನ ತಂಗಿ?" ಎಂದು ಕೇಳಿದಳು. ಏನೂ ಆಗೂದಿಲ್ಲ ಎಂದು ಗಟ್ಟಿಯಾಗಿ ಹೇಳಿ, ಬಸ್ಸು ಹತ್ತಿ ಬಂದೆ.

ನಮ್ಮ ಕಡೆ ಬಾಯಿಗೆ ಒಂದು ಕಾಯಿದೆ ಇದೆ. ಕುತ್ತಿನಲ್ಲಿರುವವರ ಬಗ್ಗೆ ಮುಂದಿನ ಮಾತು ಆಡಬಾರದು. ಬಾಯಿ ತಪ್ಪಿ ಆಡಿದರೆ ಕೇಳಿದವರು "ಬಿಡ್ತು ಅನ್ನು" ಎನ್ನುತ್ತಾರೆ, ಆಡಿದವರು "ಬಿಡ್ತು" ಎನ್ನುತ್ತಾರೆ, ಅಲ್ಲಿಗೆ ಆ ಮಾತು ಸತ್ತಂತೆ. ಹಾಗೆಂದು ಯಾರೂ ಸಿದ್ಧತೆ ಮಾಡುವುದಿಲ್ಲ ಎಂದಲ್ಲ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಮಣ್ಣು ಕೊಟ್ಟು ಬಂದವರು ಉಣ್ಣುವುದು ತವರಿನವರೋ ನೆರೆಯವರೋ ತಂದ ಬುತ್ತಿಯನ್ನು. ಅದಕ್ಕೇ ಒಂದು ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಪಕ್ಕದ ಮನೆಯವಳು ಒಂದಿಷ್ಟು ಜೋಳವನ್ನು ಹೆಚ್ಚಿಗೆ ಬೀಸಿಸಿ ಇಡುತ್ತಾಳೆ. ಯಾಕೆ ಎಂದು ಗಿರಣಿಯವನೂ ಕೇಳುವುದಿಲ್ಲ, ಇವಳೂ ಹೇಳುವುದಿಲ್ಲ. ಕೈ ಮಾಡುತ್ತದೆ, ಬಾಯಿ ಸುಮ್ಮನಿರುತ್ತದೆ. ನನ್ನ ವಿಷಯದಲ್ಲಿ ಇದು ತಿರುಗುಮುರುಗು ಆಯಿತು.

ಬಸ್ಸಿಳಿದು ನೇರ ಕೇಂದ್ರಕ್ಕೇ ಬಂದಿದ್ದೆ. ಬಾಗಿಲಲ್ಲೇ ಸೊಸೆ ಬಾಗೇವಾಡಿಯವರ ಹೊಸ ಆರ್ಡರ್ ಹೇಳಿದಳು. ಫೋನ್ ಒತ್ತಿ ಅದನ್ನು ಏಜೆಂಟಿಗೆ ಹೇಳಿ ಮುಗಿಸಿದೆ, ಆದರೆ ಮೈಕ್ ಬಂದ್ ಮಾಡಲಿಲ್ಲ. ಹಂಚಿನ ಮುಂದೆ ಕುಳಿತ ಹಿರಿಯಳೊಬ್ಬಳು, "ಮನಗೂಳಿ ಮಾವಾರು ಹೆಂಗ ಅದಾರ್ರಿ ಅಕ್ಕಾರ?" ಎಂದು ಕೇಳಿದಳು.

"ಖರೇ ಹೇಳಬೇಕಂದ್ರ ಉಳಿಯೂದು ಕಾಣೂದಿಲ್ಲವಾ" ಎಂದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. "ಮಾವಾರ ಮಣ್ಣಿಗಿ ನಾಕೂ ತಾಲೂಕಿನ ಮಂದಿ ಬರ್ತೈತಿ. ಅಕ್ಕನ ಮನಿಗಿ ಕಡಿಮಿ ಅಂದ್ರೂ ಎಂಟ ನೂರು ರೊಟ್ಟಿ ಒಯ್ಯಬೇಕು. ಅದೆಲ್ಲಾ ಇದ ವಾರದಾಗ ಬಂತಂದ್ರ ಇಂಡಿ ಮದುವಿ ಆರ್ಡರ್ ಮುಂದ ಹಾಕಬೇಕಾಗ್ತೈತಿ, ಅವರೇನು ಸುಮ್ಮನಿರ್ತಾರ?"

"ಬಿಡ್ತು ಅನ್ರಿ ಅಕ್ಕಾರ!" ಎಂದು ಆಕೆ ಕೈಯಲ್ಲಿದ್ದ ಹಿಟ್ಟನ್ನು ಕೆಳಗಿಟ್ಟಳು.

"ಬಿಡ್ತು, ಬಿಡ್ತು" ಎಂದೆ. ನನ್ನ ಬಾಯಿಗೆ ನನಗೇ ಹೇಸಿಕೆಯಾಯಿತು. ಆ ದವಾಖಾನೆಯಲ್ಲಿ ಅಕ್ಕ ಹಿಡಿದಿದ್ದ ಕೈ ಇನ್ನೂ ತೊಳೆದಿರಲಿಲ್ಲ, ಅಷ್ಟರಲ್ಲೇ ನಾನು ಇಂಡಿ ಆರ್ಡರಿನ ಚಿಂತೆ ಮಾಡಿದ್ದೆ. ಅಳುತ್ತಾ ಆಡಿದ್ದರೂ ಒಂದು ಮಾತಾಗುತ್ತಿತ್ತು, ನಾನು ಲೆಕ್ಕ ಹಾಕುತ್ತಾ ಆಡಿದ್ದೆ. ಆದರೂ ನಾನು ಬಿಡ್ತು ಎಂದದ್ದನ್ನು ಹೆಂಗಸರು ಒಪ್ಪಿಕೊಂಡು ಮತ್ತೆ ರೊಟ್ಟಿ ಬಡಿಯತೊಡಗಿದರು. ಅಷ್ಟರಲ್ಲಿ ಅವರ ಫೋನುಗಳೆಲ್ಲ ಟಿಣ್ ಎಂದವು.

ಪ್ರಾಜೆಕ್ಟ್ ಬಹಳ ಅಚ್ಚುಕಟ್ಟಾಗಿತ್ತು. ಹೆಸರು: ಮನಗೂಳಿ ಮಾವ, ಅಂತ್ಯಕ್ರಿಯೆಯ ಊಟ. ಎಂಟುನೂರು ರೊಟ್ಟಿಗೆ ಜೋಳ ಬೀಸಿಸುವುದು, ಇಂತಿಂಥವರು. ಬಡಿಯುವುದು, ಇಂತಿಂಥವರು. ಇಂಡಿ ಮದುವೆಯ ಆರ್ಡರ್ ಮುಂದೂಡಲು ವಿನಂತಿಸುವುದು, ಮಾಲೀಕರು. ಸ್ಥಳ: ಅಕ್ಕನ ಮನೆ, ಮನಗೂಳಿ. ದಿನಾಂಕ: ಇನ್ನೂ ತಿಳಿಸಿಲ್ಲ. ಯಾರ ಮನೆಯ ಆರ್ಡರೋ ಆ ಮನೆಯ ನಂಬರನ್ನು ಸೇರಿಸಬೇಕು ಎಂದು ಸೊಸೆ ಅದಕ್ಕೆ ಮೊದಲೇ ಕಲಿಸಿಟ್ಟಿದ್ದಳಲ್ಲ, ಅದೂ ಚಾಚೂ ತಪ್ಪದೆ ಆಗಿತ್ತು. ನನ್ನ ಫೋನಿನಲ್ಲಿ ಅಕ್ಕನ ಮನೆ ಎಂದು ಇದ್ದದ್ದು ಮಾವನ ನಂಬರು. ಆ ಫೋನ್ ದವಾಖಾನೆಯಲ್ಲಿ ಅಕ್ಕನ ಕೈಯಲ್ಲಿತ್ತು.

ಸೊಸೆ ಓಡಿಬಂದು ಅಳಿಸಿದಳು. ಅವಳು ಅಳಿಸುವಷ್ಟರಲ್ಲಿ ಅಕ್ಕನ ಫೋನ್ ಬಂತು.

"ತಂಗಿ, ಇದರಾಗ ದಿನಾಂಕ ತಿಳಿಸಿಲ್ಲ ಅಂತ ಬರದೈತಿ. ನಿನಗ ಯಾವಾಗ ತಿಳಿಸಬೇಕು?"

ನೆಲ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು. "ಅಕ್ಕಾ, ನಾ ಅಲ್ಲ. ಆ ಏಜೆಂಟ್ ತಾನ ಮಾಡೈತಿ" ಎಂದೆ.

"ಎಂಟ ನೂರು ಅಂತ ಅದಕ್ಕ ಹೆಂಗ ಗೊತ್ತಾತು?"

ಅಕ್ಕ ಬೈದಿದ್ದರೆ ಚೆನ್ನಾಗಿತ್ತು. ಬೈಯದೆ ಫೋನ್ ಇಟ್ಟಳು.

ಮಾವ ಬದುಕಿಕೊಂಡರು. ಒಂದೆರಡು ವಾರಕ್ಕೆ ಮನೆಗೆ ಬಂದರು. ಅವರು ಉಳಿದರೆಂದು ನಾನು ದೇವರಿಗೆ ಕೈ ಮುಗಿದೆ ಎಂದರೆ ಅದು ಅರ್ಧ ಸುಳ್ಳು. ನನ್ನ ಮಾತು ಸುಳ್ಳಾಯಿತಲ್ಲ ಎಂದು ಕೈ ಮುಗಿದೆ. ಅವರನ್ನು ನೋಡಲು ಹೋಗಲೇಬೇಕು, ಬರಿಗೈಯಲ್ಲಿ ಹೋಗುವುದು ಹೇಗೆ? ಒಂದು ಬುಟ್ಟಿ ರೊಟ್ಟಿ ಕಟ್ಟಿಕೊಂಡು, ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ಹೋದೆ. ಓಣಿಯಲ್ಲಿ ಹೆಂಗಸರು ನನ್ನ ಬುಟ್ಟಿ ನೋಡಿ ಮುಖ ಮುಖ ನೋಡಿಕೊಂಡರು. ಸುದ್ದಿ ನನಗಿಂತ ಮೊದಲೇ ಬಂದಿತ್ತು.

ಮಾವ ಪಡಸಾಲೆಯಲ್ಲಿ ದಿಂಬಿಗೆ ಆತು ಕುಳಿತಿದ್ದರು. ನನ್ನನ್ನು ಕಂಡದ್ದೇ ತಡ, "ಬಾರವಾ. ಮಂದಿ ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಸ್ತಾರ. ನೀ ಮಾವ ಸಾಯೂಕಿಂತ ಮೊದಲ ರೊಟ್ಟಿ ಬಡಸಾಕ ಹತ್ತೀದಿ" ಎಂದು ನಕ್ಕರು. ನಕ್ಕಿದ್ದಕ್ಕೆ ಕೆಮ್ಮು ಬಂತು.

"ಮಾವ, ತಪ್ಪಾತು. ನಿಮ್ಮ ಪಾದಾ ಹಿಡಿತೇನಿ" ಎಂದೆ.

"ತಪ್ಪ ಆಗೈತಿ, ಖರೇ" ಎಂದರು. "ಎಂಟ ನೂರು ಹಾಕೀದಿ. ನನ್ನ ಕಿಮ್ಮತ್ತು ಅಷ್ಟ ಏನ? ಸಾಲೂದಿಲ್ಲ ನೋಡು. ಮತ್ತ ಚಟ್ನಿ ಎಲ್ಲೈತಿ? ಎಲ್ಲಾ ಬರಸೀದಿ, ಅಗಸಿ ಚಟ್ನಿ ಬರಸಿಲ್ಲ. ಬರೇ ರೊಟ್ಟಿ ತಿಂದು ಮಂದಿ ನನ್ನ ಬೈಕೊಂತ ಹೋಗ್ಬೇಕೇನು?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಕ್ಕ ಚಹಾದ ಲೋಟ ನನ್ನ ಮುಂದಿಟ್ಟು ಒಳಗೆ ಹೋದಳು. ಮಾವನ ನಗೆ ಅವಳಿಗೆ ಹಿಡಿಸಲಿಲ್ಲ ಎಂದುಕೊಂಡೆ. ನನ್ನ ಬುಟ್ಟಿ ಬಾಗಿಲ ಮೂಲೆಯಲ್ಲೇ ಇತ್ತು. ಸಂಜೆ ನಾನು ಹೊರಟಾಗಲೂ ಅದನ್ನು ಯಾರೂ ಎತ್ತಿಟ್ಟಿರಲಿಲ್ಲ. ಬಸ್ಸಿನಲ್ಲಿ ಆ ಮೂಲೆಯೇ ಕಣ್ಣ ಮುಂದಿತ್ತು.

ಸಿಂದಗಿಗೆ ಬಂದವಳೇ ಸೊಸೆಯ ಮೇಲೆ ಹಾರಾಡಿದೆ. ಆ ಏಜೆಂಟನ್ನು ಕಿತ್ತುಹಾಕು ಎಂದೆ. ಅವಳು ಸಮಾಧಾನದಿಂದಲೇ, "ಅದು ನೀವು ಹೇಳಿದ್ದ ಮಾಡೈತಿ ಅತ್ತಿ. ಕಿತ್ತಹಾಕೂದು ಬ್ಯಾಡ, ಮೊದಲಿನಂಗ ಕೇಳೂಹಂಗ ಮಾಡ್ತೇನಿ" ಎಂದಳು. ಅಂದಿನಿಂದ ಅದು ಮತ್ತೆ ಪ್ರತಿ ಸಲ "ರಚಿಸಲೇ?" ಎನ್ನುತ್ತದೆ. ನಾನು ಮರುಮಾತಿಲ್ಲದೆ ಹೂಂ ಎನ್ನುತ್ತೇನೆ. ಹಂಚಿನ ಮುಂದಿನ ಹೆಂಗಸರು ತಲೆ ಬಗ್ಗಿಸಿ ನಗುತ್ತಾರೆ. ನಗಲಿ.

ಅಕ್ಕನಿಗೆ ಆಗಾಗ ಫೋನ್ ಮಾಡುತ್ತಿದ್ದೆ. "ಛಲೋ ಅದಾರ" ಎಂದಷ್ಟೇ ಹೇಳುತ್ತಿದ್ದಳು. ಅದನ್ನು ಸಿಟ್ಟು ಎಂದೇ ತಿಳಿದೆ. ಮೊದಲಾದರೆ ಗಂಟೆಗಟ್ಟಲೆ ಮಾತಾಡುತ್ತಿದ್ದ ಅಕ್ಕ ಎರಡು ಮಾತಿಗೆ ನಿಲ್ಲಿಸಿದರೆ ಇನ್ನೇನು ತಿಳಿಯಬೇಕು? ಹಾಸಿಗೆ ಹಿಡಿದ ಗಂಡನ ಆರೈಕೆಯಲ್ಲಿ ಅವಳಿಗೆ ಪುರುಸೊತ್ತಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ನನ್ನ ನಾಚಿಕೆಯೇ ನನಗೆ ದೊಡ್ಡದಾಗಿತ್ತು.

ಚಳಿಗಾಲ ಕಳೆಯುವ ಹೊತ್ತಿಗೆ, ಒಂದು ಮುಂಜಾನೆ, ಮಾವ ಮನೆಯಲ್ಲೇ ತೀರಿಕೊಂಡರು. ಸುದ್ದಿ ಬಂದಾಗ ನಾನು ಕೇಂದ್ರದಲ್ಲಿದ್ದೆ. ಎದುರಿಗೆ ಗೋಡೆಯುದ್ದಕ್ಕೂ ಬುಟ್ಟಿಗಳಿದ್ದವು, ಬಿಳಿ ಬಟ್ಟೆ ಮುಚ್ಚಿದ್ದ ರೊಟ್ಟಿ. ಅವು ಮರುದಿನ ಇಂಡಿಯ ಇನ್ನೊಂದು ಮದುವೆಗೆ ಹೋಗಬೇಕಾದವು. ನಾನು ಗೋಡೆ ಹಿಡಿದು ಕುಳಿತೆ. ಸೊಸೆ ಒಂದು ಮಾತೂ ಆಡದೆ, ಗಾಡಿಯವನನ್ನು ಕರೆದು ಬುಟ್ಟಿಗಳನ್ನು ಏರಿಸತೊಡಗಿದಳು.

"ಏನ ಮಾಡಾಕತ್ತಿ?" ಎಂದೆ.

"ಮನಗೂಳಿಗಿ ಅತ್ತಿ. ಇಂಡಿ ಅವರಿಗಿ ನಾ ಹೇಳ್ತೇನಿ, ಸಾವಂದ್ರ ಯಾರೂ ಸಿಟ್ಟಾಗೂದಿಲ್ಲ."

"ಇಳಸು."

"ಅತ್ತಿ, ಅಲ್ಲಿ ಒಲಿ ಹೊತ್ತಿಸೂದಿಲ್ಲ. ನೀವ ಅವರ ತವರು."

"ಇಳಸು ಅಂದ್ನೆಲ್ಲ!" ಎಂದು ಚೀರಿದೆ. ಜೀವ ಹೋಗಿ ಒಂದು ತಾಸಾಗಿಲ್ಲ, ಅಷ್ಟರಲ್ಲಿ ನಾನು ಗಾಡಿಗಟ್ಟಲೆ ರೊಟ್ಟಿ ತಗೊಂಡು ಓಣಿಯಲ್ಲಿ ಇಳಿದರೆ ಮಂದಿ ಏನೆನ್ನುತ್ತಾರೆ? ನೋಡಿರಿ, ಬಡಿಸಿಯೇ ಇಟ್ಟಿದ್ದಳು, ದಾರಿ ಕಾಯುತ್ತಿದ್ದಳು ಎನ್ನುವುದಿಲ್ಲವೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ನನ್ನದು. ಯಾರಾದರೂ ತಂದೇ ತರುತ್ತಾರೆ, ನೆರೆಹೊರೆ ಸತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಬರಿಗೈಯಲ್ಲಿ ಹೊರಟೆ. ಸೊಸೆ ಬುಟ್ಟಿಗಳನ್ನು ಒಂದೊಂದಾಗಿ ಇಳಿಸಿದಳು.

ಹೊಲದಲ್ಲಿ ಮಣ್ಣಾಯಿತು. ನಿಜವಾಗಿಯೂ ನಾಲ್ಕೂ ತಾಲೂಕಿನ ಮಂದಿ ಬಂದಿದ್ದರು. ತಿರುಗಿ ಬಂದು, ಸ್ನಾನ ಮಾಡಿ, ಎಲ್ಲರೂ ಪಡಸಾಲೆಯಲ್ಲಿ, ಅಂಗಳದಲ್ಲಿ, ಬೇವಿನ ಗಿಡದ ಕೆಳಗೆ ಕುಳಿತರು. ದೂರದಿಂದ ಬಂದವರು ಬೆಳಗಿನಿಂದ ಏನೂ ತಿಂದಿರಲಿಲ್ಲ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು, ಅಡುಗೆ ಮನೆ ಇಣುಕಿ, ಆಮೇಲೆ ನನ್ನ ಕಡೆ ನೋಡಿದರು. ನನ್ನ ಮುಖವನ್ನಲ್ಲ, ನನ್ನ ಕೈಯನ್ನು.

ಎದುರು ಮನೆಯ ಮುಸಲ್ಮಾನರ ಹಿರಿಯ ಹೆಂಗಸನ್ನು ಅಕ್ಕ ಚಾಚಿ ಎಂದು ಕರೆಯುತ್ತಿದ್ದಳು. ಆಕೆ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, "ಗಾಡಿ ಹಿಂದ ಬರಾಕತ್ತೈತೇನವಾ?" ಎಂದು ಕೇಳಿದರು.

"ಇಲ್ರಿ ಚಾಚಿ. ನಾ ಏನೂ ತಂದಿಲ್ಲ."

ಅವರು ಅಂಗಳದಲ್ಲಿ ಕುಳಿತ ಮಂದಿಯ ಕಡೆ ನೋಡಿದರು. "ನೀ ತರ್ತೀ ಅಂತ ಓಣ್ಯಾಗ ಯಾರೂ ಏನೂ ಮಾಡಿಲ್ಲವಾ" ಎಂದರು. "ಬೀಸಿಸಿಟ್ಟ ಹಿಟ್ಟೂ ಮೊನ್ನೆ ಬಡದು ಮುಗಿಸಿದ್ವಿ. ತಂಗಿ ರೊಟ್ಟಿ ಇರ್ತಾವ, ನಮ್ಮವೆಲ್ಲಿ ನಡೀತಾವ ಅಂತ." ಹೀಗೆಂದು ಸೆರಗು ಬಿಗಿದುಕೊಂಡು ಮನೆಗೆ ಓಡಿದರು. ಅವರ ಮನೆಯ ಹೊಗೆ ನಮ್ಮ ಅಂಗಳಕ್ಕೆ ಬಂತು. ಇನ್ನೆರಡು ಮನೆಗಳ ಒಲೆಯೂ ಹೊತ್ತಿತು. ಆದರೆ ಅಷ್ಟು ಮಂದಿಗೆ ಅನ್ನ ಬೇಯಬೇಕಲ್ಲ. ಇಂಡಿ ಕಡೆಯ ಮುದುಕರು ಬಸ್ಸು ತಪ್ಪುತ್ತದೆ ಎಂದು ನೀರು ಕುಡಿದು ಎದ್ದುಹೋದರು. ಮಕ್ಕಳಿಗೆ ಯಾರೋ ಬಸ್ ಸ್ಟ್ಯಾಂಡಿನಿಂದ ಬಿಸ್ಕಿಟ್ ತಂದು ಹಂಚಿದರು. ಸಾವಿನ ಮನೆಯಿಂದ ಹಸಿದು ಹೋಗುವುದು ಎಂದರೆ ನಮ್ಮ ಕಡೆ ಸತ್ತವರಿಗೆ ಅವಮಾನ. ಮಾವನ ಹೆಸರಿಗೆ ಆ ಅವಮಾನ ನನ್ನಿಂದ ಬಂತು.

ಹೊತ್ತು ಮುಳುಗುವಾಗ ಚಾಚಿ ಅನ್ನ ಸಾರು ತಂದರು. ಅಕ್ಕನಿಗೆ ಎರಡು ತುತ್ತಾದರೂ ಉಣಿಸು ಎಂದು ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. ಅಕ್ಕ ಗೋಡೆಗೆ ಆತು ಕುಳಿತಿದ್ದಳು. ತಟ್ಟೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ರೊಟ್ಟಿ ತರಲಿಲ್ಲೇನ ತಂಗಿ?"

"ಅಕ್ಕಾ, ಅವತ್ತ ಹಂಗಾಗಿತ್ತಲಾ. ಮತ್ತ ಮಂದಿ ಏನಂತಾರೋ ಅಂತ..."

"ಅವತ್ತ ಬ್ಯಾಡಾಗಿತ್ತು" ಎಂದಳು ಅಕ್ಕ. "ಇವತ್ತ ಬೇಕಾಗಿತ್ತು."

ನಾನು ಕಲಸಿದ ತುತ್ತು ಕೈಯಲ್ಲೇ ಉಳಿಯಿತು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಹಳ ದಣಿದಿದ್ದಳು.

"ನಿನ್ನೆ ಸಂಜೀಕ ಅವರು ಮತ್ತ ಚ್ಯಾಷ್ಟಿ ಮಾಡಿದ್ರು" ಎಂದಳು. "ತಂಗಿಗಿ ನೆನಪ ಮಾಡು, ಎಂಟ ನೂರು ಸಾಲೂದಿಲ್ಲ, ಅಗಸಿ ಚಟ್ನಿ ಮರೀಬ್ಯಾಡನ್ನು ಅಂದ್ರು. ನಾ ಬಿಡ್ತು ಅನ್ರಿ ಅಂದೆ. ಆಮ್ಯಾಲ ನಾನ ಅಂದೆ, ಆಕಿ ಏನೂ ಮರಿಯೂದಿಲ್ಲ ತಗೋರಿ, ತರ್ತಾಳ ಅಂತ."

ಅಷ್ಟು ಹೇಳಿ ಅಕ್ಕ ಬಾಯಿ ತೆರೆದಳು. ನಾನು ಚಾಚಿಯ ಅನ್ನದ ತುತ್ತನ್ನು ಅವಳ ಬಾಯಿಗಿಟ್ಟೆ.

ಮರುದಿನ ಸೊಸೆ ಇಂಡಿಯ ಬುಟ್ಟಿಗಳನ್ನು ಹೇಳಿದ ಹೊತ್ತಿಗೇ ಕಳಿಸಿದಳು. ಯಾವ ಆರ್ಡರನ್ನೂ ಮುಂದೆ ಹಾಕಬೇಕಾಗಲಿಲ್ಲ. ಮದುವೆಯವರು ಸಂಜೆ ನನಗೆ ಫೋನ್ ಮಾಡಿ, ರೊಟ್ಟಿ ಭಾಳ ಛಲೋ ಇದ್ದವು, ಉಂಡು ಇನ್ನೂ ಉಳಿದವು ಎಂದರು.